ಬೆರಳಚ್ಚು

ಅಡ್ಮಿಷನ್ ಕೌಂಟರಿನ ಪುಟ್ಟ ಗಾಜಿನ ಮೇಲೆ
ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿದಳು.
ಕೆಂಪು ದೀಪ.
ಸೆರಗಿಗೊರೆಸಿ ಮತ್ತೆ ಒತ್ತಿದಳು. ಕೆಂಪು.
‘ಇಪ್ಪತ್ತಾರು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು, ಸಿಸ್ಟರೂ,
ಗೆರೆಯೆಲ್ಲ ಗೂಡಿನ ಜೊತೆಗೇ ಬೆಂದುಹೋದವು’
ಅಂದಳು, ತಪ್ಪು ತನ್ನದೇ ಎಂಬಂತೆ.
ಶಿಡ್ಲಘಟ್ಟದವಳು.

ಐದು ಗಡ್ಡೆ. ದೊಡ್ಡದು ಮೂಸಂಬಿಯಷ್ಟು.
ತಿಂಗಳಲ್ಲಿ ಹದಿನೈದು ದಿನ ನೆತ್ತರು, ಎರಡು ವರ್ಷ;
ಬೇಸಿನ್ನಿನ ಮುಂದೆ ಕಪ್ಪು ಸೀರೆಯನ್ನೇ ಉಟ್ಟು ಕೂತು
ಮುಚ್ಚಿಟ್ಟಿದ್ದಳು.
ಆರಕ್ಕಿಳಿದಿದ್ದ ರಕ್ತವನ್ನು
ಮೂರು ಬಾಟಲಿ ಏರಿಸಿ ಒಂಬತ್ತಕ್ಕೆ ತಂದೆವು.

ಹಿಂದಿನ ರಾತ್ರಿ ಕೇಳಿದಳು:
‘ಮಿಷನ್ನು ಕುಯ್ಯುತ್ತಂತೆ, ಹೌದಾ?
ಒಳಗೆ ಮುಟ್ಟಿದರೆ ಅದಕ್ಕೇನಾದರೂ ಗೊತ್ತಾಗುತ್ತಾ?’
ನಿಜ ಹೇಳಿದೆ. ಇಲ್ಲ.
ಬಿಸಿ, ತಣ್ಣಗೆ, ಅದಕ್ಕೇನೂ ತಿಳಿಯದು.
ಡಾಕ್ಟರಮ್ಮನ ಕಣ್ಣೇ ಅದರ ಚರ್ಮ.
‘ಮತ್ತೆ ನೀನು?’
ಪಕ್ಕದಲ್ಲೇ ಇರ್ತೀನಿ.
‘ಹಾಗಾದರೆ ಸರಿ’ ಎಂದು ಗೋಡೆಗೆ ಮುಖ ತಿರುಗಿಸಿ ಮಲಗಿದಳು.
ಏನು ಸರಿ, ನನಗೆ ಹೊಳೆಯಲಿಲ್ಲ.

ಚಿಕ್ಕಬಳ್ಳಾಪುರದ ನಮ್ಮ ಥಿಯೇಟರಿಗೆ ಕಿಟಕಿಯಿಲ್ಲ.
ನಂದಿಬೆಟ್ಟದ ಮೇಲೆ ಮಂಜಿತ್ತೋ ಬಿಸಿಲೇರಿತ್ತೋ.
ತಲೆ ತಗ್ಗಿ, ಕಾಲು ಮೇಲಾಗಿ,
ಗಾಳಿ ತುಂಬಿದ ಹೊಟ್ಟೆ ದುಂಡಗೆ.
ಪ್ಲಾಸ್ಟಿಕ್ ತೊಟ್ಟ ನಾಲ್ಕು ತೋಳು ಬಾಗಿ ನಿಂತವು
ಬಾಣಂತಿಯ ನೋಡಬಂದ ನೆಂಟರ ಹಾಗೆ,
ಆದರೆ ಮಾತಿಲ್ಲ.
ಡಾಕ್ಟರ್ ತರನ್ನುಮ್ ಹನ್ನೆರಡು ಅಡಿ ದೂರದ ಮೂಲೆಯಲ್ಲಿ
ಚಪ್ಪಲಿ ಬಿಟ್ಟು, ಕಾಲ್ಚೀಲದಲ್ಲಿ ಪೆಡಲು ತಡವಿ,
ಪೆಟ್ಟಿಗೆಯೊಳಗೆ ಮುಖವಿಟ್ಟರು.
ಅಲ್ಲಿ ಅವರು ಚಿಟಿಕೆ ಹಿಡಿದರೆ
ಇಲ್ಲಿ, ಕಡಲೆಕಾಳಗಲದ ತೂತಿನಾಚೆ,
ಉಕ್ಕಿನ ಮಣಿಕಟ್ಟು ಹೊರಳುತ್ತದೆ
ನಮ್ಮದು ಹೊರಳಲಾರದ ಕಡೆಗೂ.

ಅವರ ಕೈ ನಡುಗುತ್ತದೆ.
ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.
ಟೀ ಲೋಟ ಎತ್ತುವಾಗ ನೋಡಬೇಕು.
ಯಂತ್ರ ಆ ನಡುಕವನ್ನು ಸೋಸಿ
ಉಳಿದದ್ದನ್ನಷ್ಟೇ ಒಳಗೆ ಕಳಿಸುತ್ತದೆ.
ಸೋಸಿದ್ದೆಲ್ಲ ಎಲ್ಲಿ ಹೋಗುತ್ತದೋ;
ನನ್ನ ಮೊಣಕಾಲಿಗಿರಬೇಕು.

ಪರದೆಯ ಮೇಲೆ ಹತ್ತು ಪಟ್ಟು ದೊಡ್ಡ ಪಿಳ್ಳಮ್ಮ.
ತೆಳು ಪೊರೆಯಡಿ ಏನೋ ಬೆಳ್ಳಗೆ
ನಾಲ್ಕನೇ ಜ್ವರಕ್ಕೆ ಮಲಗಿದ ಹುಳ ಎದ್ದ ಹಾಗೆ
ಒಮ್ಮೆ ಮಿಸುಕಿತು.
‘ಮೂತ್ರನಾಳ. ಇದರ ತಂಟೆಗೆ ಹೋಗಬಾರದು’
ಮೈಕಿನಲ್ಲಿ ಡಾಕ್ಟರು, ತಮಗೇ ಹೇಳಿಕೊಂಡಂತೆ.
ಹೋಗಲಿಲ್ಲ.

ಹನ್ನೊಂದರ ಸುಮಾರಿಗೆ
ಮೂವರು ಮಕ್ಕಳನ್ನು ಹೊರಗೆ ಕಳಿಸಿದ ಬಾಗಿಲಿಂದಲೇ
ಅದೂ ಹೊರಟಿತು.
ಹಿಡಿದವಳು ನಾನು.
ಬೆಚ್ಚಗಿತ್ತು.
ಎರಡು ಜೊತೆ ಗ್ಲೌಸಿನಾಚೆಗೂ ಬೆಚ್ಚಗಿತ್ತು.
ತಕ್ಷಣ ಟ್ರೇಗೆ ಇಡಬೇಕು. ಇಟ್ಟೆ, ಸ್ವಲ್ಪ ತಡವಾಗಿ.
ಆಮೇಲೆ ಸೂಜಿ ಎಣಿಸಿದೆ, ಬಟ್ಟೆ ಎಣಿಸಿದೆ,
ಲೆಕ್ಕ ಸರಿಹೋಯಿತು.

ಮಾರನೇ ಬೆಳಗ್ಗೆ ಆಗಲೇ ಓಡಾಡುತ್ತಿದ್ದಳು,
ಹೊಟ್ಟೆಯ ಮೇಲೆ ಐದು ಪುಟ್ಟ ಪ್ಲಾಸ್ಟರು.
‘ಇಷ್ಟೇನಾ?’ ಅಂತ ಮೂರು ಸಲ ಕೇಳಿದಳು.
ಆಮೇಲೆ, ಮೆಲ್ಲಗೆ: ‘ಅದನ್ನೆಲ್ಲಿಟ್ಟಿರಿ?’
ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ, ಲ್ಯಾಬಿಗೆ ಕಳಿಸಿದೆವು.
‘ಹೆಸರು ಬರೆದಿರಾ?’
ಬರೆದೆವು. ವಯಸ್ಸೂ.
ಸುಮ್ಮನಿದ್ದಳು.
‘ಮೂರು ಹೆರಿಗೆಯ ಮಾಸನ್ನೂ
ನಮ್ಮತ್ತೆ ಹಿತ್ತಿಲ ನುಗ್ಗೆ ಬುಡದಲ್ಲಿ ಹೂತಿದ್ದರು.
ಇದೂ ಅಲ್ಲೇ ಇರಬಹುದಿತ್ತು.’

ಏನು ಹೇಳಲಿ? ಲ್ಯಾಬಿನ ನಿಯಮ ಹೇಳತೊಡಗಿದೆ.
ಅವಳು ಕೇಳುತ್ತಲೇ, ಕಿಟಕಿಯಾಚೆ ನೋಡುತ್ತಲೇ,
ನನ್ನ ತೋಳಂಚಿನಲ್ಲಿ ಬಿಚ್ಚಿಕೊಂಡಿದ್ದ ನೂಲಿನ ತುದಿಯನ್ನು,
ಬೆಳಗಿಂದ ನನ್ನ ಕಣ್ಣಿಗೇ ಬೀಳದಿದ್ದುದನ್ನು,
ಎರಡು ಬೆರಳಲ್ಲಿ ಹಿಡಿದು
ಎಳೆಯದೆ
ಹಾಗೇ ಹೊಸೆಯುತ್ತ ನಿಂತಳು.